ಮರವಂತೆಯ ಗಾಳಿ, ಬಾಳೆಬರೆಯ ಏರು

ಮರವಂತೆಯಲ್ಲಿ ಕಾರು ನಿಲ್ಲಿಸುವವರೆಲ್ಲ ಹೆಚ್ಚುಕಡಿಮೆ ಒಂದೇ ಚಿತ್ರ ತೆಗೆಯುತ್ತಾರೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಸೈಕಲ್ ರೇಸಿನವರ ಕಣ್ಣಿಗೆ ಮಾತ್ರ ಆ ಜಾಗ ಬೇರೆಯೇ ಆಗಿ ಕಾಣುತ್ತದೆ. ಮರ ಎಲ್ಲಿದೆ, ಮನೆ ಎಲ್ಲಿದೆ, ಗಾಳಿಗೆ ಅಡ್ಡವಾಗಿ ಏನಿದೆ ಎಂದು ಅವರು ಮೊದಲು ಹುಡುಕುತ್ತಾರೆ. ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಒಂದು ಬದಿ ಕಡಲ್ಕೊರೆತಕ್ಕೆ ಹಾಕಿದ ಕಲ್ಲು, ಇನ್ನೊಂದು ಬದಿ ಹೊಳೆ. ಅಡಗಲು ಜಾಗವಿಲ್ಲದ ಇಂಥ ರಸ್ತೆಯಲ್ಲೇ ರೇಸು ಒಡೆಯುವುದು.

ಚಳಿಗಾಲದ ಬೆಳಗಿನಲ್ಲಿ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದೇ ಗಾಳಿ ತಿರುಗಿ ಕಡಲಿನಿಂದ ನೆಲಕ್ಕೆ ಬರುತ್ತದೆ. ಗಂಗೊಳ್ಳಿಯ ಮೀನುಗಾರರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ರಸ್ತೆ ತೆಂಕು–ಬಡಗಾಗಿ ಮಲಗಿರುವುದರಿಂದ ಎರಡೂ ಹೊತ್ತಿನಲ್ಲಿ ಸವಾರನಿಗೆ ಬೀಳುವುದು ಅಡ್ಡಗಾಳಿ. ಎದುರುಗಾಳಿಯಾದರೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬಚ್ಚಿಟ್ಟುಕೊಳ್ಳಬಹುದು. ಅಡ್ಡಗಾಳಿಯಲ್ಲಿ ಆಸರೆ ಇರುವುದು ಮುಂದಿನವನ ನೇರ ಹಿಂದೆ ಅಲ್ಲ, ಅವನ ಪಕ್ಕದ ಓರೆಯಲ್ಲಿ. ಹಾಗಾಗಿ ಗುಂಪು ಓರೆಸಾಲಾಗಿ ರಸ್ತೆಯ ಅಗಲಕ್ಕೂ ಹರಡಿಕೊಳ್ಳುತ್ತದೆ. ರಸ್ತೆ ಎಷ್ಟು ಅಗಲವೋ ಅಷ್ಟೇ ಜನಕ್ಕೆ ಆಸರೆ. ಮಿಕ್ಕವರು ಅಂಚಿನ ಮಣ್ಣಿಗೆ ಚಕ್ರ ತಾಗಿಸಿಕೊಂಡು, ಬರೀ ಗಾಳಿ ಕುಡಿಯುತ್ತ, ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಾರೆ. ಬೆಲ್ಜಿಯಂ, ಹಾಲೆಂಡಿನ ಕಡಲದಂಡೆಯ ರೇಸುಗಳಲ್ಲಿ ಬೆಟ್ಟವೇ ಇಲ್ಲದೆಯೂ ನೂರಾರು ಜನರ ಗುಂಪು ಚೂರುಚೂರಾಗುವುದು ಹೀಗೆ.

ಸೈಕಲ್ ರೇಸ್ ಎಂದರೆ ಕಾಲಿನ ಕಸುವಿನ ಪರೀಕ್ಷೆ ಎಂದು ಹೊರಗಿನವರು ತಿಳಿಯುತ್ತಾರೆ. ಅರ್ಧದಷ್ಟು ಅದು ಗಾಳಿಯ ಲೆಕ್ಕ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನ ಶ್ರಮದ ಬಹುಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಬರುವವನಿಗೆ ಸುಮಾರು ಮೂರನೇ ಒಂದು ಪಾಲು ಉಳಿತಾಯ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಬರ್ಟ್ ಬ್ಲಾಕೆನ್ ಮತ್ತು ಸಂಗಡಿಗರು 2018ರಲ್ಲಿ 121 ಸವಾರರ ಗುಂಪನ್ನು ಕಂಪ್ಯೂಟರಿನಲ್ಲೂ ಗಾಳಿಸುರಂಗದಲ್ಲೂ ಕಟ್ಟಿ ಅಳೆದರು. ಗುಂಪಿನ ಒಳಹೊಟ್ಟೆಯಲ್ಲಿರುವವನ ಮೇಲೆ ಬೀಳುವ ಗಾಳಿಯ ತಡೆ, ಒಬ್ಬನೇ ಹೋಗುವಾಗ ಬೀಳುವುದರ ಶೇ 5ರಿಂದ 10ರಷ್ಟೇ ಎಂದು ಕಂಡುಬಂತು. ಅಂದರೆ ಸಮತಟ್ಟಿನಲ್ಲಿ, ಗಾಳಿಯ ಕಾಟವಿಲ್ಲದಾಗ, ಸಂಬಳಕ್ಕೆ ಸೈಕಲ್ ತುಳಿಯುವವನ ಬೆನ್ನಿಗೆ ಬ್ಯಾಂಕಿನ ಗುಮಾಸ್ತನೂ ಅಂಟಿಕೊಂಡು ಹೋಗಬಲ್ಲ. ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದರೂ ಪರವಾಗಿಲ್ಲ.

ಘಟ್ಟ ಶುರುವಾಗುವವರೆಗೆ ಮಾತ್ರ.

ಏರಿನಲ್ಲಿ ವೇಗ ಇಳಿಯುತ್ತದೆ, ಗಾಳಿಯ ಆಸರೆಯ ಬೆಲೆಯೂ ಇಳಿಯುತ್ತದೆ. ಉಳಿಯುವುದು ಮೈಭಾರ ಮತ್ತು ಅದನ್ನು ಎತ್ತುವ ಕಾಲು. ಹೆಬ್ರಿ ತಾಲ್ಲೂಕಿನ ಸೋಮೇಶ್ವರದಿಂದ ಆಗುಂಬೆಗೆ ಏರುವ ದಾರಿಯನ್ನೇ ತೆಗೆದುಕೊಳ್ಳಿ. (ಬೈಂದೂರಿನ ಕಡಲದಡದ ಸೋಮೇಶ್ವರ ಬೇರೆ, ಇದು ಬೇರೆ. ಹೊರಊರಿನಿಂದ ಸೈಕಲ್ ತಂದವರು ಗೂಗಲ್ ನಂಬಿ ಎಡವಟ್ಟಾಗುವುದು ಬೇಡ.) 14 ಹೇರ್‌ಪಿನ್ ತಿರುವು, ಸುಮಾರು ಹತ್ತು ಕಿಲೋಮೀಟರ್, ಐನೂರು ಮೀಟರಿನಷ್ಟು ಏರು. 65 ಕಿಲೋದ ಸವಾರ ಮತ್ತು 8 ಕಿಲೋದ ಸೈಕಲ್, ಒಟ್ಟು 73 ಕಿಲೋವನ್ನು ಐನೂರು ಮೀಟರ್ ಮೇಲಕ್ಕೆತ್ತಲು ಬೇಕಾಗುವ ಕೆಲಸ ಸುಮಾರು 358 ಕಿಲೋಜೂಲ್. ಕಾಲಿನಿಂದ 300 ವಾಟ್ ಹೊಮ್ಮಿಸುವವನಿಗೆ ಬರೀ ಎತ್ತುವುದಕ್ಕೇ 20 ನಿಮಿಷ ಬೇಕು. 150 ವಾಟ್ ಹೊಮ್ಮಿಸುವ ಹವ್ಯಾಸಿಗೆ 40 ನಿಮಿಷ. ಟಯರಿನ ಉಜ್ಜಾಟ, ಗಾಳಿ ಎಲ್ಲ ಆಮೇಲೆ. ಸಮತಟ್ಟಿನಲ್ಲಿ ಒಟ್ಟಿಗೇ ಬಂದ ಇಬ್ಬರು ಹತ್ತು ಕಿಲೋಮೀಟರಿನಲ್ಲಿ ಇಪ್ಪತ್ತು ನಿಮಿಷ ದೂರವಾಗುತ್ತಾರೆ. ಇದಕ್ಕೆ ಯಾವ ತಂತ್ರವೂ ಇಲ್ಲ, ಜಾಣತನವೂ ಇಲ್ಲ.

ಅಡ್ಡಗಾಳಿಯ ಕಡಲರಸ್ತೆ ಮತ್ತು ಮೈಭಾರ ತೂಗುವ ಘಟ್ಟ, ಈ ಎರಡೂ ಒಂದೇ ದಿನದ ಸವಾರಿಯೊಳಗೆ ಸಿಗುವ ಸೀಮೆಗಳು ದೇಶದಲ್ಲಿ ಹೆಚ್ಚಿಲ್ಲ. ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರೂ ಕಡಲಿಗೆ ಅಂಟಿಕೊಂಡ ತಾಲ್ಲೂಕುಗಳು. ಬ್ರಹ್ಮಾವರ ಮತ್ತು ಬೈಂದೂರು ಪ್ರತ್ಯೇಕ ತಾಲ್ಲೂಕಾಗಿ ಕೆಲಸ ಶುರುಮಾಡಿದ್ದು 2018ರಲ್ಲಿ, ಅದಕ್ಕೆ ಮುಂಚೆ ಉಡುಪಿ, ಕುಂದಾಪುರಗಳ ಒಳಗಿದ್ದವು. ಬ್ರಹ್ಮಾವರದಿಂದ ಪೇತ್ರಿ, ಹೆಬ್ರಿ ಹಾದು ಆಗುಂಬೆ ಘಾಟಿ. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ ಹಾದು ಹುಲಿಕಲ್ ಘಾಟಿ, ಊರವರ ಬಾಯಲ್ಲಿ ಬಾಳೆಬರೆ. ಬೈಂದೂರಿನಿಂದ ಕೊಲ್ಲೂರು ಹಾದು ನಾಗೋಡಿ ಘಾಟಿ. ಮೂರೂರಿಗೆ ಮೂರು ಘಟ್ಟ. ಬೆಳಿಗ್ಗೆ ಉಪ್ಪುಗಾಳಿಯಲ್ಲಿ ಹೊರಟವನು ತಿಂಡಿಯ ಹೊತ್ತಿಗೆ ಘಟ್ಟದ ಬುಡದಲ್ಲಿರುತ್ತಾನೆ. ಎರಡರ ನಡುವೆ ಇರುವುದು ಬಯಲೂ ಅಲ್ಲ, ಬೆಟ್ಟವೂ ಅಲ್ಲ. ಬೈಲಿಗೆ ಇಳಿದು ಗುಡ್ಡೆಗೆ ಹತ್ತಿ, ಮತ್ತೆ ತೋಡು ದಾಟಿ ಮತ್ತೆ ಹತ್ತುವ ರಸ್ತೆ. ಇಂಥ ಚಿಕ್ಕಚಿಕ್ಕ ಏರಿಳಿತ ಕಾಲನ್ನು ಸದ್ದಿಲ್ಲದೆ ತಿನ್ನುತ್ತದೆ. ದೊಡ್ಡ ಏರಿಗೆ ಮುಂಚೆಯೇ ಸವಾರನ ಅರ್ಧ ಕಸುವು ಹೋಗಿರುತ್ತದೆ.

ಒಂದು ಸೀಮೆಯ ರೇಸು ಹುಟ್ಟುವುದು ಇಂಥ ರಸ್ತೆಯಿಂದಲೇ. ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯ ರೇಸು 1913ರಲ್ಲಿ ಶುರುವಾದದ್ದು ಕಾರೆಲ್ ವಾನ್ ವೈನೆಂಡಾಲೆ ಎಂಬ ಪತ್ರಕರ್ತನ ಕೈಯಿಂದ. ಅವನ ಪತ್ರಿಕೆ ಇದ್ದದ್ದು ಫ್ಲೆಮಿಶ್ ಭಾಷೆಯಲ್ಲಿ. ಫ್ರೆಂಚ್ ಮಾತಾಡುವವರ ಮೇಲುಗೈಯ ದೇಶದಲ್ಲಿ ತಮ್ಮ ಭಾಷೆಯ ಜನಕ್ಕೆ ತಮ್ಮದೇ ಒಂದು ದಿನ, ತಮ್ಮದೇ ಊರುಗಳ ಸಾಲು ಬೇಕು ಎಂಬ ಹಟ ಅದರ ಹಿಂದಿತ್ತು. ಅಲ್ಲಿ ಆಲ್ಪ್ಸ್‌ನಂಥ ಪರ್ವತವಿಲ್ಲ. ಇದ್ದದ್ದು ಕಲ್ಲು ಹಾಸಿದ ಕಿರುದಾರಿ, ಗದ್ದೆಯ ನಡುವಿನ ಗುಡ್ಡೆ, ಅಡ್ಡಗಾಳಿ. ಇದ್ದದ್ದನ್ನೇ ಇಟ್ಟುಕೊಂಡು ಅವರು ರೇಸು ಕಟ್ಟಿದರು. ಈಗ ಅದು ಲೋಕದ ಐದು ದೊಡ್ಡ ಏಕದಿನ ರೇಸುಗಳಲ್ಲಿ ಒಂದು. ಅದಕ್ಕೂ ಹತ್ತು ವರ್ಷ ಮುಂಚೆ, 1903ರಲ್ಲಿ, ಟೂರ್ ಡಿ ಫ್ರಾನ್ಸ್ ಹುಟ್ಟಿದ್ದೂ ಒಂದು ಪತ್ರಿಕೆಯ ಮಾರಾಟ ಹೆಚ್ಚಿಸಲಿಕ್ಕೆ. 'ಲೋಟೊ' ಎಂಬ ಆ ಪತ್ರಿಕೆಯನ್ನು ಹಳದಿ ಕಾಗದದಲ್ಲಿ ಅಚ್ಚು ಹಾಕುತ್ತಿದ್ದರು. ಮುಂದಿರುವವನಿಗೆ ಹಳದಿ ಅಂಗಿ ತೊಡಿಸುವ ಪದ್ಧತಿ 1919ರಲ್ಲಿ ಬಂತು. ಪತ್ರಿಕೆಯವರು ಸೈಕಲ್ ರೇಸಿನ ಬಗ್ಗೆ ಬರೆಯುವುದು ಮಾತ್ರವಲ್ಲ, ರೇಸನ್ನೇ ಹುಟ್ಟಿಸಿದ್ದಾರೆ ಎಂಬುದನ್ನು ನಮ್ಮ ಸಂಪಾದಕರೂ ಓದಿಕೊಳ್ಳಲಿ.

ಫ್ಲಾಂಡರ್ಸ್‌ನಲ್ಲಿ ಇಂದಿಗೂ ನಡೆಯುವ ಒಂದು ಏರ್ಪಾಟು ಮೆಚ್ಚುವಂಥದ್ದು. ಭಾನುವಾರ ವೃತ್ತಿಪರರ ರೇಸು. ಹಿಂದಿನ ದಿನ, ಶನಿವಾರ, ಅದೇ ಗುಡ್ಡೆ, ಅದೇ ಕಲ್ಲುದಾರಿಗಳಲ್ಲಿ ಸಾವಿರಾರು ಹವ್ಯಾಸಿಗಳು. ಫ್ರಾನ್ಸ್‌ನಲ್ಲೂ 1993ರಿಂದ ಟೂರ್‌ನ ಒಂದು ದಿನದ ಹಾದಿಯನ್ನು ವಾಹನ ತಡೆದು ಹವ್ಯಾಸಿಗಳಿಗೆ ಬಿಟ್ಟುಕೊಡುತ್ತಾರೆ. ಕ್ರಿಕೆಟ್ ಹುಚ್ಚಿನವನು ಲಾರ್ಡ್ಸ್ ಮೈದಾನಕ್ಕೆ ಬ್ಯಾಟು ಹಿಡಿದು ಇಳಿಯಲಾರ. ಸೈಕಲ್ ಆಟದ ಮೈದಾನ ರಸ್ತೆ. ಅದಕ್ಕೆ ಗೇಟಿಲ್ಲ. ಚಾಂಪಿಯನ್ ಹತ್ತಿದ ಏರನ್ನು ಯಾರೂ ಹತ್ತಬಹುದು, ಎಷ್ಟು ನಿಮಿಷ ಹಿಂದೆ ಬಿದ್ದೆ ಎಂದು ಕೈಗಡಿಯಾರದಲ್ಲಿ ನೋಡಿಕೊಳ್ಳಬಹುದು.

ವೃತ್ತಿಪರ, ಹವ್ಯಾಸಿ ಎಂಬ ಬೇಲಿ ಮೊದಲಿನಿಂದಲೂ ಇದೇ ಜಾಗದಲ್ಲಿ ಇರಲಿಲ್ಲ. ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1,200 ಕಿ.ಮೀ. ಓಟ 1891ರಲ್ಲಿ ಶುರುವಾದಾಗ ಅದು ಅಪ್ಪಟ ರೇಸು. ಗೆದ್ದ ಶಾರ್ಲ್ ತೆರೋಂ ನಿದ್ದೆ ಬಿಟ್ಟು ಮೂರು ದಿನದೊಳಗೆ ಮುಗಿಸಿದ. 1931ರಿಂದ ಹವ್ಯಾಸಿಗಳಿಗೂ ಬಾಗಿಲು ತೆರೆಯಿತು. ವೃತ್ತಿಪರರ ಓಟ 1951ಕ್ಕೆ ನಿಂತುಹೋಯಿತು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅದರಲ್ಲಿ ಗೆದ್ದವರೇ ಇಲ್ಲ. 90 ಗಂಟೆಯ ಒಳಗೆ ಬಂದವರೆಲ್ಲ ಸಮಾನರು.

ಕರಾವಳಿಗೆ ಗಟ್ಟಿಯಾಗಿ ಬಂದಿಳಿದಿರುವ ಸೈಕಲ್ ಸಂಸ್ಕೃತಿ ಇದೇ ಬಳಗದ್ದು. ಗೊತ್ತುಮಾಡಿದ ಗಂಟೆಯೊಳಗೆ ಮುಗಿಸಬೇಕಾದ ದೂರದ ಸವಾರಿಗೆ ಬಿಆರ್‌ಎಂ ಎಂದು ಹೆಸರು. ಆ ಮೂರಕ್ಷರ ಹೇಳಿದರೆ ಮಂಗಳೂರು, ಉಡುಪಿ, ಮಣಿಪಾಲದ ಸೈಕಲ್ ಬಳಗದಲ್ಲಿ ಯಾರಿಗೂ ವಿವರಣೆ ಬೇಡ. ಪ್ಯಾರಿಸ್‌ನ ಒಡಾಕ್ಸ್ ಕ್ಲಬ್ಬಿನ ನಿಯಮದಂತೆ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ನಡುನಡುವೆ ಕಾರ್ಡಿಗೆ ಸೀಲು ಹಾಕಿಸಿಕೊಳ್ಳಬೇಕು. ಪಂಕ್ಚರ್ ಆದರೆ ತಾನೇ ಹಾಕಿಕೊಳ್ಳಬೇಕು, ಹಿಂದೆ ಸ್ವಂತ ಕಾರು ತರುವಂತಿಲ್ಲ. ಮಂಗಳೂರು ಬೈಸಿಕಲ್ ಕ್ಲಬ್ ಇಂಥ ಓಟಗಳನ್ನು ನಡೆಸುತ್ತ ಬಂದಿದೆ. ನಸುಕಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ಹೊಳೆಯುವ ಜಾಕೆಟ್ಟು, ಮಿಣುಕುವ ಕೆಂಪು ದೀಪ, ಸೀಟಿನ ಕೆಳಗೆ ಕಟ್ಟಿದ ಚೀಲ ಕಂಡರೆ ಅವರೇ. ವೈದ್ಯರು, ಇಂಜಿನಿಯರು, ಅಂಗಡಿಯವರು, ಕಾಲೇಜು ಹುಡುಗರು. ಆದರೆ ಅದು ಸಹನೆಯ ಆಟ, ಸ್ಪರ್ಧೆಯ ಆಟವಲ್ಲ. ಮೊದಲು ಬಂದವನಿಗೆ ಕೊರಳಿಗೆ ಮಾಲೆ ಬೀಳುವುದಿಲ್ಲ. ಕರಾವಳಿಯ ಜನಕ್ಕೆ ಸ್ಪರ್ಧೆಯ ರುಚಿ ಗೊತ್ತಿಲ್ಲವೇ? ಕಂಬಳದ ಕರೆಯ ದಂಡೆಯಲ್ಲಿ ನಿಂತವರನ್ನು ಕೇಳಿ.

ಕಂಬಳದ ಹೆಸರು ಸುಮ್ಮನೆ ಬಂದದ್ದಲ್ಲ. ಅಲ್ಲಿ ಹಗ್ಗಕ್ಕೆ ಹಿರಿಯ, ಕಿರಿಯ ಎಂಬ ವಿಭಾಗ. ನೇಗಿಲಿಗೂ ಹಿರಿಯ, ಕಿರಿಯ. ಹಲವು ವರ್ಷ ಗೆದ್ದು ಹೆಸರಾದ ಕೋಣದ ಜೋಡಿಯೂ ಈ ವರ್ಷವೇ ಕರೆಗಿಳಿದ ಜೋಡಿಯೂ ಒಂದೇ ಕೆಸರಲ್ಲಿ ಓಡುತ್ತವೆ, ಒಂದೇ ಗಡಿಯಾರ ಅಳೆಯುತ್ತದೆ, ಬಹುಮಾನದ ಪಟ್ಟಿ ಮಾತ್ರ ಬೇರೆ. ಸೈಕಲ್ ರೇಸಿನ ಎಲೀಟ್, ಅಮೆಚೂರ್ ವಿಭಾಗಗಳೂ ಹಾಗೆಯೇ. ಒಂದೇ ರಸ್ತೆಗೆ ಇಬ್ಬರನ್ನೂ ಇಳಿಸಿ, ಪಟ್ಟಿ ಬೇರೆ ಮಾಡುವುದನ್ನು ನಮ್ಮೂರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ರಾಜ್ಯಕ್ಕೆ ಪದಕ ತರುವ ಸೈಕಲ್ ಸವಾರರಲ್ಲಿ ಹೆಚ್ಚಿನವರು ಬರುವುದು ಮಾತ್ರ ಕಡಲೂ ಇಲ್ಲದ ಘಟ್ಟವೂ ಇಲ್ಲದ ಸೀಮೆಯಿಂದ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಎರೆಭೂಮಿ ಕರ್ನಾಟಕದ ಸೈಕಲ್ಲಿನ ತವರು. ವಿಜಯಪುರದಲ್ಲಿ ಸರ್ಕಾರದ ಕ್ರೀಡಾ ವಸತಿನಿಲಯ, ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾಶಾಲೆ. ಅಲ್ಲಿ ಜಾತ್ರೆ ಬಂತೆಂದರೆ ಕುಸ್ತಿ, ಬಂಡಿ ಓಟದ ಜೊತೆ ಸೈಕಲ್ ಶರ್ಯತ್ತೂ ಇರುತ್ತದೆ. ಊರ ಗೌಡರು, ಸಂಘದವರು, ಅಂಗಡಿಯವರು ಸೇರಿ ಬಹುಮಾನ ಕೂಡಿಸುತ್ತಾರೆ. ಹೊಲದ ನಡುವಿನ ನೆಟ್ಟಗಿನ ರಸ್ತೆಯಲ್ಲಿ ಇಪ್ಪತ್ತು, ಮೂವತ್ತು ಕಿಲೋಮೀಟರ್ ಹೋಗಿಬರುವುದು. ಟ್ರ್ಯಾಕ್ಟರಿನ ಮೇಲೆ, ಗಿಡದ ಮೇಲೆ ಜನ. ರೈತರ ಮನೆಯ ಹುಡುಗ, ಹುಡುಗಿಯರು ಈ ಶರ್ಯತ್ತುಗಳಿಂದ ವಸತಿನಿಲಯಕ್ಕೆ, ಅಲ್ಲಿಂದ ರಾಷ್ಟ್ರೀಯ ಕೂಟಕ್ಕೆ, ಅಲ್ಲಿಂದ ರೈಲ್ವೆಗೋ ಸೇನೆಗೋ ಹೋಗುತ್ತಾರೆ. ಭಾರತದಲ್ಲಿ ವೃತ್ತಿಪರ ಸೈಕಲ್ ಸವಾರ ಎಂದರೆ ಬಹುಪಾಲು ಇದೇ ಅರ್ಥ: ಯಾವುದೋ ಇಲಾಖೆಯ ಸಂಬಳದ ಪಟ್ಟಿಯಲ್ಲಿ ಹೆಸರಿದ್ದು, ಕೆಲಸದ ಬದಲು ಸೈಕಲ್ ತುಳಿಯುವವನು. ಯುರೋಪಿನಂತೆ ಕಂಪನಿಗಳ ಹೆಸರು ಹೊತ್ತ ತಂಡಗಳು ಇಲ್ಲಿ ಬೆರಳೆಣಿಕೆ. ಆ ನೌಕರಿಯ ಆಸೆಯೇ ಉತ್ತರ ಕರ್ನಾಟಕದ ಸೈಕಲ್ಲಿನ ಎಣ್ಣೆ. ಅದನ್ನು ಕೀಳಾಗಿ ಕಾಣುವವರು, ಸೋತ ಹುಡುಗನ ಮನೆಯಲ್ಲಿ ಒಂದು ದಿನ ಕಳೆದು ಬರಬೇಕು.

ಇಷ್ಟಾಗಿಯೂ ವಿಜಯಪುರದ ಭೂತನಾಳದ ಬಳಿ ವೆಲೋಡ್ರೋಮ್, ಅಂದರೆ ಬಟ್ಟಲಿನಂತೆ ಅಂಚು ಎತ್ತರಿಸಿದ ಸೈಕಲ್ ಟ್ರ್ಯಾಕ್, ಕಟ್ಟುವ ಕೆಲಸ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. ಸವಾರರು ತಯಾರಾಗಿದ್ದರು, ಟ್ರ್ಯಾಕ್ ತಯಾರಾಗಿರಲಿಲ್ಲ.

ಬೆಂಗಳೂರು, ಮೈಸೂರಿನ ಕಥೆ ಬೇರೆ ಜಾತಿಯದು. ಅಲ್ಲಿ ರೇಸು ಹುಟ್ಟಿದ್ದು ಕಚೇರಿಗೆ ಹೋಗುವವರಿಂದ. ಭಾನುವಾರದ ನಸುಕಿನಲ್ಲಿ ನಂದಿಬೆಟ್ಟದ ಏರಿನಲ್ಲಿ ಸಮಯ ನೋಡಿಕೊಳ್ಳುತ್ತಿದ್ದ ಗೆಳೆಯರ ಗುಂಪುಗಳು ಬೆಳೆದು, ಬೆಂಗಳೂರು ಬೈಸಿಕಲ್ ಚಾಂಪಿಯನ್‌ಷಿಪ್ಸ್ ಎಂಬ ಸರಣಿಯಾಯಿತು. 2008ರಲ್ಲಿ ಬೆಂಗಳೂರಿನ ರೈಡ್ ಎ ಸೈಕಲ್ ಫೌಂಡೇಶನ್ ನೀಲಗಿರಿಯ ಸುತ್ತ 'ಟೂರ್ ಆಫ್ ನೀಲ್ಗಿರೀಸ್' ಶುರುಮಾಡಿತು. ಕರ್ನಾಟಕ, ಕೇರಳ, ತಮಿಳುನಾಡಿನ ರಸ್ತೆಗಳಲ್ಲಿ, ಡಿಸೆಂಬರಿನ ಚಳಿಯಲ್ಲಿ, ಹಲವು ದಿನಗಳ ಸವಾರಿ. ಪೂರ್ತಿ ರೇಸಲ್ಲ, ಪೂರ್ತಿ ಪ್ರವಾಸವೂ ಅಲ್ಲ. ಹೆಚ್ಚಿನ ದಾರಿಯನ್ನು ಎಲ್ಲರೂ ತಮ್ಮ ತಮ್ಮ ಲಯದಲ್ಲಿ ತುಳಿಯುತ್ತಾರೆ, ಕೆಲವು ತುಂಡುಗಳಲ್ಲಿ ಮಾತ್ರ ಗಡಿಯಾರ ಓಡುತ್ತದೆ. ಮಸಿನಗುಡಿಯಿಂದ ಊಟಿಗೆ 36 ಹೇರ್‌ಪಿನ್ ತಿರುವುಗಳ ಕಲ್ಹಟ್ಟಿ ಘಾಟಿ ಅದರ ಹೆಸರಾಂತ ತುಂಡು. ಗಡಿಯಾರದ ಎದುರು ಹಲ್ಲು ಕಚ್ಚಿ ಏರುವವನೂ, ಸೈಕಲ್ಲಿನಿಂದಿಳಿದು ತಳ್ಳುವವನೂ ಸಂಜೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ.

ಇದೇ ನಗರದ ಹವ್ಯಾಸಿ ಲೋಕದಿಂದ ಬಂದವರು ನವೀನ್ ಜಾನ್. ಇಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋದಾಗ ರೇಸಿಗೆ ಬಿದ್ದವರು, ಬೆಂಗಳೂರಿಗೆ ಮರಳಿ ನೌಕರಿಯ ಜೊತೆಜೊತೆಗೆ ಸೈಕಲ್ ತುಳಿದು ಒಬ್ಬೊಬ್ಬರಾಗಿ ಗಡಿಯಾರದ ಎದುರು ಓಡುವ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ನಲ್ಲಿ ಅವರೂ ಅರವಿಂದ್ ಪನ್ವಾರರೂ ಭಾರತದ ಅಂಗಿ ತೊಟ್ಟು ಇಳಿದರು. ಬೆಲ್ಜಿಯಂನ ಊರೂರಿನ ರೇಸುಗಳಿಗೆ ಹೋಗಿ ಪೆಟ್ಟು ತಿಂದು ಕಲಿತ ಮೇಲೂ ನವೀನ್ ಮತ್ತೆ ಮತ್ತೆ ಹೇಳುತ್ತ ಬಂದದ್ದು, ಇಲ್ಲಿನ ಸವಾರರಿಗೆ ಕೊರತೆ ಇರುವುದು ಕಾಲಿನದಲ್ಲ, ವರ್ಷವಿಡೀ ಓಡಲು ರೇಸುಗಳದ್ದು ಎಂಬ ಅರ್ಥದ ಮಾತನ್ನೇ. ಬೆಲ್ಜಿಯಂನಲ್ಲಿ ಬೇಸಿಗೆಯಲ್ಲಿ ಚರ್ಚಿನ ಹಬ್ಬಕ್ಕೊಂದು ಊರ ರೇಸು ಇರುತ್ತದೆ. ವಿಜಯಪುರದ ಜಾತ್ರೆಯ ಶರ್ಯತ್ತಿಗೂ ಅದಕ್ಕೂ ಇರುವ ಅಂತರ ನಾವಂದುಕೊಂಡಷ್ಟು ದೊಡ್ಡದಲ್ಲ.

ನೆರೆಯ ಮಹಾರಾಷ್ಟ್ರ ಈ ವಿಷಯದಲ್ಲಿ ನಮಗಿಂತ ಬಹಳ ಮುಂದಿದೆ. ಮುಂಬೈ–ಪುಣೆ ಸೈಕಲ್ ರೇಸು ದಶಕಗಳ ಹಳೆಯದು. ಖೋಪೋಲಿಯಿಂದ ಲೋಣಾವಳಕ್ಕೆ ಏರುವ ಬೋರ್ ಘಾಟಿಯಲ್ಲಿ ಮೊದಲಿಗನಾದವನಿಗೆ 'ಘಾಟಾಚಾ ರಾಜಾ', ಘಟ್ಟದ ಅರಸ, ಎಂಬ ಬಿರುದು. ಪುಣೆಯಲ್ಲಿ ಗೆದ್ದವನನ್ನು ಮರೆತರೂ ಘಟ್ಟದ ಅರಸನನ್ನು ಜನ ಮರೆಯುವುದಿಲ್ಲ. 2026ರ ಜನವರಿಯಲ್ಲಿ ಅದೇ ಪುಣೆ ಜಿಲ್ಲೆ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟದ ಮಾನ್ಯತೆಯ, ಹಲವು ಹಂತಗಳ 'ಪುಣೆ ಗ್ರ್ಯಾಂಡ್ ಟೂರ್' ನಡೆಸಿತು. ಒಟ್ಟು 437 ಕಿ.ಮೀ., ಹೊರದೇಶದ ತಂಡಗಳು, ಅದಕ್ಕಾಗಿ ಹೊಸದಾಗಿ ಡಾಂಬರು ಕಂಡ ಹಳ್ಳಿರಸ್ತೆಗಳು. ಐದು ದಿನದ ರೇಸಿಗೆ ಬಂದ ವಿದೇಶಿ ತಂಡ ಹೊರಟುಹೋಗುತ್ತದೆ, ರಸ್ತೆ ಊರಲ್ಲೇ ಉಳಿಯುತ್ತದೆ. ಈ ಒಂದು ಲೆಕ್ಕಕ್ಕಾದರೂ ನಮ್ಮ ಜನಪ್ರತಿನಿಧಿಗಳು ಪುಣೆಯ ಕಡೆ ನೋಡಬಹುದು.

ಹಾಗಾದರೆ ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯುದ್ದಕ್ಕೂ ರೇಸು ಓಡಿಸಿಬಿಡೋಣವೇ? ಬೇಡ. ಮರವಂತೆಯ ಚಿತ್ರದ ಆಸೆಗೆ ಸಂಘಟಕರು ಮೊದಲು ಬೀಳುವುದು ಈ ಗುಂಡಿಗೇ. ಹೆದ್ದಾರಿ 66 ಚತುಷ್ಪಥವಾದ ಮೇಲೆ ನುಣುಪಾಗಿದೆ, ನಿಜ. ಅದೇ ಕಾರಣಕ್ಕೆ ಲಾರಿ, ಮೀನಿನ ಕಂಟೇನರು, ರಾತ್ರಿ ಬಸ್ಸುಗಳ ವೇಗವೂ ಏರಿದೆ. ಸರ್ವಿಸ್ ರಸ್ತೆ ಇಲ್ಲದ ಕಡೆ ಊರವರು ಎದುರುಬದಿಯಲ್ಲೇ ಸ್ಕೂಟರ್ ತರುತ್ತಾರೆ. ಡಿವೈಡರ್ ಬಿಟ್ಟ ಜಾಗದಲ್ಲಿ ಯಾವಾಗ ಯಾರು ನುಗ್ಗುತ್ತಾರೆಂದು ದೇವರಿಗೂ ಗೊತ್ತಿರುವುದಿಲ್ಲ. ಸೇತುವೆಗಳ ಸಂದಿನ ಕಬ್ಬಿಣದ ಪಟ್ಟಿ ಕಾರಿಗೆ ಒಂದು ಸದ್ದು ಮಾತ್ರ, 25 ಮಿಲಿಮೀಟರ್ ಅಗಲದ ರೇಸ್ ಟಯರಿಗೆ ಅದೊಂದು ಬಲೆ. ಸಾಸ್ತಾನ ಮತ್ತು ಶಿರೂರಿನ ಟೋಲ್‌ಗಳಿಗೆ ಅಂಟಿಕೊಂಡಿರುವ ವಾಹನಗಳ ಸಾಲನ್ನು ಮೂರು ಗಂಟೆ ತಡೆದು ನಿಲ್ಲಿಸುತ್ತೇವೆ ಎಂದರೆ ಯಾವ ಎಸ್‌ಪಿಯೂ ಒಪ್ಪಲಿಕ್ಕಿಲ್ಲ, ಒಪ್ಪಲೂಬಾರದು.

ರೇಸಿಗೆ ಹೇಳಿ ಮಾಡಿಸಿದ ರಸ್ತೆ ಇರುವುದು ಒಳಗೆ. ಬ್ರಹ್ಮಾವರದಿಂದ ಬಾರ್ಕೂರು, ಸೈಬ್ರಕಟ್ಟೆ, ಶಿರಿಯಾರ, ಹಾಲಾಡಿ, ಶಂಕರನಾರಾಯಣ, ಸಿದ್ದಾಪುರ, ಹೊಸಂಗಡಿ. ಅಡಿಕೆ ತೋಟ, ಗದ್ದೆ, ರಬ್ಬರು, ನಡುವೆ ಒಂದೊಂದು ಪೇಟೆ. ಭಾರಿ ಲಾರಿ ಕಡಿಮೆ, ತಿರುವು ಜಾಸ್ತಿ, ಜನ ಅಂಗಳದಿಂದಲೇ ನೋಡಬಹುದಾದಷ್ಟು ಹತ್ತಿರ. ಕೊನೆಗೆ ಬಾಳೆಬರೆಯ ಏರು, ಮೇಲೆ ಚಂಡಿಕಾಂಬೆಯ ಗುಡಿ. ಅಲ್ಲಿಗೆ ಮೊದಲ ದಿನದ ಓಟ ಮುಗಿಯಲಿ. ಎರಡನೆಯ ದಿನ ಹೆಮ್ಮಾಡಿಯಿಂದ ವಂಡ್ಸೆ, ಚಿತ್ತೂರು, ಜಡ್ಕಲ್ ಹಾದು ಹಾಲ್ಕಲ್‌ನಲ್ಲಿ ತಿರುಗಿ ಬೈಂದೂರು. ಕೊಲ್ಲೂರು ಪೇಟೆಯೊಳಗೆ ನುಗ್ಗಬಾರದು, ಭಾನುವಾರದ ಭಕ್ತರ ದಟ್ಟಣೆಗೆ ಸೈಕಲ್ಲಿನ ದಟ್ಟಣೆ ಸೇರಿಸಿದರೆ ಇಬ್ಬರಿಗೂ ದೇವಿಯೇ ಗತಿ. ಮರವಂತೆ ಬೇಕೇ ಬೇಕೆನ್ನುವವರಿಗೆ, ಮುಂಜಾವದಲ್ಲಿ ಒಂದು ಬದಿಯ ರಸ್ತೆಯನ್ನಷ್ಟೇ ಒಂದು ಗಂಟೆ ಪಡೆದು, ಒಬ್ಬೊಬ್ಬರಾಗಿ ಬಿಡುವ ಕಿರು ಟೈಮ್ ಟ್ರಯಲ್ ಸಾಕು.

ಅಷ್ಟು ಹೊತ್ತು ಊರಿನ ದಾರಿ ಬಂದ್ ಆದರೆ ಹಾಲಿನ ಗಾಡಿ, ಆಸ್ಪತ್ರೆಗೆ ಹೋಗುವವರು ಏನು ಮಾಡಬೇಕು ಎಂಬುದು ನ್ಯಾಯದ ಪ್ರಶ್ನೆ. ಹೊರದೇಶಗಳಲ್ಲಿ ದಿನವಿಡೀ ದಾರಿ ಮುಚ್ಚುವ ದೊಡ್ಡ ರೇಸುಗಳೂ ಇವೆ, ಚಲಿಸುವ ತಡೆಯ ರೇಸುಗಳೂ ಇವೆ. ಎರಡನೆಯದರಲ್ಲಿ ಮುಂದೆ ಪೊಲೀಸ್ ಜೀಪು ಮತ್ತು ಬೈಕಿನ ಮಾರ್ಷಲ್‌ಗಳು, ಹಿಂದೆ ಆಂಬುಲೆನ್ಸು ಮತ್ತು ಕೊನೆಯ ಗಾಡಿ. ಇವೆರಡರ ನಡುವಿನ ರಸ್ತೆ ಮಾತ್ರ ರೇಸಿನದು. ಗುಂಪು ದಾಟಿದ ಕೂಡಲೇ ದಾರಿ ಬಿಡುತ್ತಾರೆ. ಒಂದೊಂದು ಊರಿಗೆ ಕಾಯುವ ಹೊತ್ತು ಒಂದು ಮೆರವಣಿಗೆಗಿಂತ ಕಡಿಮೆ. ಕೊನೆಯ ಗಾಡಿಗೆ ಫ್ರೆಂಚರು ಕಸಬರಿಗೆ ಗಾಡಿ ಎನ್ನುತ್ತಾರೆ, ಟೂರ್‌ನಲ್ಲಿ ಅದು 1910ರಲ್ಲೇ ಬಂತು. ಹಿಂದೆ ಬಿದ್ದವರನ್ನು ಗುಡಿಸಿ ಹತ್ತಿಸಿಕೊಳ್ಳುವುದು ಅದರ ಕೆಲಸ. ಘಟ್ಟದಲ್ಲಿ ಬ್ರಹ್ಮಾವರ, ಕುಂದಾಪುರದ ಹವ್ಯಾಸಿಗಳಿಗೆ ಆ ಗಾಡಿಯ ಗೆಳೆತನ ಅನಿವಾರ್ಯ. ನಾಚಿಕೆ ಪಡಬೇಕಾದ್ದೇನಿಲ್ಲ.

ಇಳಿಜಾರಿನ ಬಗ್ಗೆ ಮಾತ್ರ ಯಾವ ರಾಜಿಯೂ ಬೇಡ. ಬಾಳೆಬರೆ, ಆಗುಂಬೆ, ನಾಗೋಡಿ ಮೂರನ್ನೂ ಏರಿಗೆ ಮಾತ್ರ ಬಳಸಬೇಕು. ಹವ್ಯಾಸಿಗಳು ಇರುವ ಓಟದಲ್ಲಿ ಘಟ್ಟದ ಇಳಿತದ ಮೇಲೆ ಗಡಿಯಾರ ಓಡಿಸುವುದು ಹುಚ್ಚುತನ. ಕೆಳಗೆ ಬರುವಾಗ ಲಾರಿಯಲ್ಲಿ ಸೈಕಲ್, ಬಸ್ಸಿನಲ್ಲಿ ಸವಾರ.

ಹೊತ್ತು ಯಾವುದು ಎಂಬುದಕ್ಕೆ ಮಳೆಯೇ ಉತ್ತರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಕರಾವಳಿಯಲ್ಲಿ ಅದರ ಅರ್ಧಕ್ಕಿಂತ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಗುಡ್ಡ ಜರಿಯುವ ಭಯ, ರಸ್ತೆಯಲ್ಲಿ ಹಾವಸೆ. ಅಕ್ಟೋಬರಿನಲ್ಲಿ ಗುಂಡಿ ಮುಚ್ಚುವ ಕೆಲಸ ನಡೆಯುತ್ತಿರುತ್ತದೆ, ಕನಿಷ್ಠ ನಡೆಯಬೇಕು. ಮಾರ್ಚಿನಿಂದ ಸೆಕೆ ತಡೆಯಲಾಗದು. ಹಾಗಾಗಿ ಡಿಸೆಂಬರಿನಿಂದ ಫೆಬ್ರವರಿಯ ನಡುವೆ, ಬೆಳಿಗ್ಗೆ ಆರೂವರೆಗೆ ಶುರುವಾಗಿ ಹತ್ತೂವರೆಗೆ ಮುಗಿಯುವ ಓಟ. ಚಳಿಗಾಲದಲ್ಲೂ ಇಲ್ಲಿನ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಆರುವುದಿಲ್ಲ, ಸುರಿಯುತ್ತದೆ. ಬಯಲುಸೀಮೆಯಿಂದ ಬರುವ ಗಟ್ಟಿ ಸವಾರರಿಗೆ ಘಟ್ಟಕ್ಕಿಂತ ದೊಡ್ಡ ಎದುರಾಳಿ ಇದು.

ದಾರಿಯ ತಿಂಡಿಯ ಮಾತೂ ಬರಲಿ, ಕುಂದಾಪುರದ ಲೇಖನವೊಂದರಲ್ಲಿ ಊಟ ಬಿಟ್ಟರೆ ಓದುಗರು ಮುನಿಯುತ್ತಾರೆ. ಗಟ್ಟಿಯಾಗಿ ತುಳಿಯುವವನಿಗೆ ಗಂಟೆಗೆ 60ರಿಂದ 90 ಗ್ರಾಂ ಶರ್ಕರಪಿಷ್ಟ ಬೇಕೆಂದು ಕ್ರೀಡಾ ಆಹಾರತಜ್ಞರು ಹೇಳುತ್ತಾರೆ. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಎಳನೀರು ಇದ್ದರೆ ಬೇರೇನೂ ಬೇಡ ಎಂಬ ನಂಬಿಕೆ ಅರ್ಧ ಸರಿ. ಅದರಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚು ಹೋಗುವುದು ಸೋಡಿಯಂ. ಹಾಗಾಗಿ ಎಳನೀರಿಗೂ ಚಿಟಿಕೆ ಉಪ್ಪು ಬೇಕು. ಗದ್ದೆಯಿಂದ ಬಂದವರು ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯುತ್ತಿದ್ದರಲ್ಲ, ಕಂಪನಿಗಳು ಪೊಟ್ಟಣದಲ್ಲಿ ಮಾರುವ ಪುಡಿಗೂ ಅದಕ್ಕೂ ತತ್ವ ಒಂದೇ. ಶಂಕರನಾರಾಯಣದ ತಿರುವಿನಲ್ಲಿ ಊರಿನ ಸಂಘವೊಂದು ಗಂಜಿತಿಳಿಯ ಬಾಟಲಿ ಹಿಡಿದು ನಿಂತರೆ ಹೊರಗಿನ ಸವಾರರು ಮೊದಲು ಮುಖ ಸಿಂಡರಿಸಬಹುದು, ಬಾಳೆಬರೆಯ ಬುಡದಲ್ಲಿ ಇನ್ನೊಂದು ಕೇಳಿಯೇ ಕೇಳುತ್ತಾರೆ. ಬನ್ಸ್, ಗೋಳಿಬಜೆ ಓಟ ಮುಗಿದ ಮೇಲೆ.

ಊರ ಹುಡುಗರ ಪಾಲೇನು ಎಂಬುದೇ ಕೊನೆಯ, ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ, ಬೈಂದೂರು, ಸಿದ್ದಾಪುರದ ಒಳಊರುಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ರಸ್ತೆ ತುಂಬ ಸೈಕಲ್. ಗೇರ್ ಇಲ್ಲದ, ಭಾರದ ಸೈಕಲ್ಲಿನಲ್ಲಿ ಗುಡ್ಡೆ ಹತ್ತಿ ಶಾಲೆಗೆ ಹೋದ ಹೆಣ್ಣುಮಕ್ಕಳ ಕಾಲಿನ ಕಸುವನ್ನು ಯಾರೂ ಅಳೆಯಲಿಲ್ಲ. ಕೋವಿಡ್ ಕಾಲದಲ್ಲಿ ಯೋಜನೆ ನಿಂತಿತು. ಸೈಕಲ್ ಹೋಗಿ ಶಾಲೆಯ ವ್ಯಾನು ಬಂತು. ಲಕ್ಷ ಬೆಲೆಯ ಕಾರ್ಬನ್ ಸೈಕಲ್ಲಿನವರು ಬಂದು ಓಡಿ ಹೋಗುವ ರೇಸು ಊರಿನದಾಗುವುದಿಲ್ಲ. ಎಲೀಟ್, ಅಮೆಚೂರ್ ಪಟ್ಟಿಗಳ ಜೊತೆಗೆ ಗೇರ್ ಇಲ್ಲದ ಸೈಕಲ್ಲಿನ ಮಕ್ಕಳಿಗೆ, ಹುಡುಗಿಯರಿಗೆ ಬೇರೆ ಪಟ್ಟಿ ಇಟ್ಟು, ಸಿದ್ದಾಪುರ ಪೇಟೆಯ ಸುತ್ತ ಹತ್ತು ಕಿಲೋಮೀಟರಿನ ಓಟ ಇಡಬೇಕು. ಅದಕ್ಕೂ ಅಷ್ಟೇ ಮೊತ್ತದ ಬಹುಮಾನ ಇರಬೇಕು. ಬಾಗಲಕೋಟೆಯ ಜಾತ್ರೆಯವರು ಮಾಡುತ್ತ ಬಂದದ್ದು ಹೆಚ್ಚುಕಡಿಮೆ ಇಷ್ಟೇ, ಅದರಿಂದಲೇ ರಾಜ್ಯಕ್ಕೆ ಪದಕ ಬಂದದ್ದು.

ಕೋಟಿಗಟ್ಟಲೆ ಹಣ, ವಿದೇಶಿ ತಂಡ ಯಾವುದೂ ಮೊದಲ ವರ್ಷಕ್ಕೆ ಬೇಡ. ಉಡುಪಿ, ಮಂಗಳೂರಿನ ಸೈಕಲ್ ಕ್ಲಬ್ಬುಗಳು, ರಾಜ್ಯ ಸೈಕ್ಲಿಂಗ್ ಸಂಸ್ಥೆ, ಮೂರು ತಾಲ್ಲೂಕುಗಳ ಯುವಕ ಮಂಡಲಗಳು ಒಂದು ಮೇಜಿನ ಸುತ್ತ ಕೂರಬೇಕು. ರಸ್ತೆಯ ಗುಂಡಿಗೆ ಲೋಕೋಪಯೋಗಿ ಇಲಾಖೆ, ತಡೆಗೆ ಪೊಲೀಸರು, ಘಟ್ಟದ ಮೇಲಿನ ಊರಿಗೆ ಶಿವಮೊಗ್ಗ ಜಿಲ್ಲಾಡಳಿತ, ಕಾಡಿನ ಅಂಚಿಗೆ ಅರಣ್ಯ ಇಲಾಖೆ, ಇಷ್ಟು ಬಾಗಿಲು ತಟ್ಟುವುದಿದೆ. ಇದಕ್ಕೆ ನಾಲ್ಕು ತಿಂಗಳಾದರೂ ಬೇಕು. ಜನವರಿಯಲ್ಲಿ ರೇಸು ಆಗಬೇಕಿದ್ದರೆ ಅರ್ಜಿ ಚೌತಿಯೊಳಗೆ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಯಲ್ಲಿರಬೇಕು. ಆಸಕ್ತರು ಈ ಮಳೆಗಾಲದಲ್ಲೇ ಬರೆಯಲು ಕುಳಿತುಕೊಳ್ಳಿ.